ಚೇಸ್, ಜೆಫರ್ಸನ್ ವಿನಿಮಯ ಮೌಲ್ಯ

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಡೈನಸ್ಟಿ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಆಟಗಾರರು ವರ್ಷದಿಂದ ವರ್ಷಕ್ಕೆ ನಮ್ಮ ತಂಡದಲ್ಲೇ ಉಳಿಯುವುದರಿಂದ, ವೈಡ್ ರಿಸೀವರ್‌ಗಳ (ಎಸೆದ ಚೆಂಡನ್ನು ಹಿಡಿಯುವ ಆಟಗಾರರ) ವಿನಿಮಯ ಮೌಲ್ಯವನ್ನು ಒಂದೇ ಋತುವಿನ ಸಾಧನೆಯಿಂದ ಅಳೆಯುವುದು ಸರಿಯಲ್ಲ. 2024ರಲ್ಲಿ 127 ಕ್ಯಾಚ್, 1,708 ಗಜ, 17 ಟಚ್‌ಡೌನ್ ಗಳಿಸಿ ಮೂರರಲ್ಲೂ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೇ ಮೊದಲಿಗರಾದ ಜಮಾರ್ ಚೇಸ್ ಅವರಿಗಾಗಿ ಜಸ್ಟಿನ್ ಜೆಫರ್ಸನ್ ಜತೆಗೆ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೂ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯನ್ನೂ) ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ದುಬಾರಿ.

ಇಬ್ಬರ ವಯಸ್ಸಿನ ಅಂತರ ಒಂದು ವರ್ಷಕ್ಕಿಂತ ಕಡಿಮೆ. ಚೇಸ್ ಅವರಿಗೆ ಕಾಲೇಜು ದಿನಗಳಿಂದಲೂ ಪರಿಚಿತರಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಜೋ ಬರೋ ಅವರ ಆಸರೆಯಿದೆ, ಇದು ನಿಜವಾದ ಅನುಕೂಲವೇ. ಆದರೆ 2022ರಲ್ಲಿ 1,809 ಗಜ ಗಳಿಸಿದ್ದ ಜೆಫರ್ಸನ್, ತಮ್ಮ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ತಂಡ ತೊರೆದ ಮೇಲೂ, 2024ರಲ್ಲಿ ತಂಡಕ್ಕೆ ಹೊಸಬರಾದ ಸ್ಯಾಮ್ ಡಾರ್ನಾಲ್ಡ್ ಎಸೆತಗಳಿಂದ 1,533 ಗಜ ಗಳಿಸಿದರು. ಹಾಗಾಗಿ ಚೇಸ್ ಅವರಿಗಾಗಿ ಜೆಫರ್ಸನ್ ಜತೆಗೆ ಹೆಚ್ಚುವರಿಯಾಗಿ ಎರಡನೇ ಸುತ್ತಿನ ಆಯ್ಕೆಯೊಂದನ್ನು ಕೊಟ್ಟರೆ ಸಾಕು.

ಇಂತಿ,
ಓರ್ವ ಓದುಗ