ಅಶೋಕನಗರದ ಸ್ಟೇಡಿಯಂನಲ್ಲಿ ಅಹ್ಮದ್ ಖಾನ್‌ಗೆ ಒಂದು ಗೋಡೆ ಕೊಡಿ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ ಸರ್. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಗ್ಗೆ ಒಂದು ಕೋರಿಕೆ. ಹೊಸ ಕಟ್ಟಡ ಕೇಳುತ್ತಿಲ್ಲ, ಗಾಬರಿ ಬೇಡ. ನಮ್ಮ ಹಳೆಯ ಆಟಗಾರರ ಫೋಟೊ, ವಿವರ ಹಾಕಲು ಅಲ್ಲಿ ಒಂದು ಗೋಡೆ ಸಾಕು.

ಅಹ್ಮದ್ ಖಾನ್ ಅವರಿಂದಲೇ ಶುರು ಮಾಡಬಹುದು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದರು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಸಿಕ್ಕ ಎರಡು ಪೆನಾಲ್ಟಿಯೂ ಕೈತಪ್ಪಿ, 2-1ರಲ್ಲಿ ಸೋತೆವು. ಆ ಒಂದು ಗೋಲು ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು. ಹೊಡೆದದ್ದು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್! 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ 10 ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಒಂದು ಗೋಲು ಇವರದ್ದು.

ಇಷ್ಟಾದರೂ ಅವರ ಆಟವನ್ನು ಜಾಸ್ತಿ ನೋಡಿದ್ದು ಕಲ್ಕತ್ತದ ಜನ. 1949ರಲ್ಲಿ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದವರು ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಇವರು ಸೇರಿ ಆ ಕ್ಲಬ್ಬಿನ 'ಪಂಚಪಾಂಡವರು'. ಐದೂ ಜನ ದಕ್ಷಿಣದವರು, ನೋಡಿ! 1949ರಿಂದ ಸತತ ಮೂರು ವರ್ಷ ಕಲ್ಕತ್ತದ ದೊಡ್ಡ ಟೂರ್ನಿಯಾದ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿಗೇ ಬಂತು.

ಆಗ ಕಾಗದದ ಮೇಲೆ ಎಲ್ಲರೂ ಹವ್ಯಾಸಿ ಆಟಗಾರರೇ. ಆದರೆ ಆಟ ನಂಬಿಕೊಂಡು ಬದುಕಬೇಕು ಅಂದವರು ಕಲ್ಕತ್ತದ ರೈಲು ಹತ್ತುತ್ತಿದ್ದರು. ದೊಡ್ಡ ಕ್ಲಬ್ಬು, ತುಂಬಿದ ಮೈದಾನ ಎಲ್ಲ ಅಲ್ಲಿತ್ತು. ಅವರು ಹೋದದ್ದು ತಪ್ಪಲ್ಲ. ನಾವು ಮರೆತದ್ದು ಮಾತ್ರ ತಪ್ಪು.

ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಇರಲಿ, ಬಹಳ ಸಂತೋಷ. ಆದರೆ ಅಲ್ಲೇ ಚೆಂಡು ಒದೆಯುವ ಹುಡುಗರಿಗೆ ತಮ್ಮ ಊರಿನ ಅಹ್ಮದ್ ಖಾನ್ ಯಾರು ಅಂತಲೂ ಗೊತ್ತಾಗಬೇಕು, ಅಲ್ವಾ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದದ್ದೂ ಗೊತ್ತಾಗಬೇಕು. ಅದಕ್ಕೂ ಮುಂಚೆ ಆ ಕಪ್ಪು ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು.

ಖಾನ್ 2017ರಲ್ಲಿ ತೀರಿಕೊಂಡರು. ಅವರ ಆಟ ಕಣ್ಣಾರೆ ಕಂಡವರೂ ಈಗ ತೀರಾ ವಯಸ್ಸಾದವರು. ಹಳೆಯ ಆಟಗಾರರ ಮನೆಗಳ ಟ್ರಂಕಿನಲ್ಲಿ ಗ್ರೂಪ್ ಫೋಟೊ, ಪೇಪರ್ ಕಟಿಂಗ್ ಇನ್ನೂ ಉಳಿದಿರಬಹುದು. ಗುಜರಿಗೆ ಹೋಗುವ ಮೊದಲು ಅವುಗಳ ಪ್ರತಿ ಮಾಡಿಸಿ ಸರ್. ಇಲಾಖೆಯಿಂದ ಇಬ್ಬರನ್ನು ಕಳಿಸಿದರೆ ಆಗುವ ಕೆಲಸ. ಮತ್ತೆ, ಫೋಟೊ ಕೆಳಗಿನ ವಿವರ ಕನ್ನಡದಲ್ಲೂ ಇರಲಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ