ಕಮಿಲೊ ತೀರದ ಬಲೆ, ಹೊಯ್ಗೆ ಮತ್ತು ಚೀಲದ ಲೆಕ್ಕ

ಹಿಲೊ, ಹವಾಯಿ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆಗಾಲ ಮುಗಿದ ಮೇಲೆ ನೀವು ಹುಡುಗರೆಲ್ಲ ಸೇರಿ ನಮ್ಮೂರ ಕಡಲತೀರ ಚೊಕ್ಕ ಮಾಡುತ್ತೀರೆಂದು ಅಮ್ಮ ಹೇಳಿದರು. ಕೇಳಿ ತುಂಬಾ ಸಂತೋಷವಾಯಿತು. ಈ ದ್ವೀಪದ ಕಮಿಲೊ ತೀರದಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಮಾಡುತ್ತ ಬಂದಿರುವ ಕೆಲಸವೂ ಅದೇ. ಅಲ್ಲಿನ ಕ್ರಮವನ್ನು ವಿವರವಾಗಿ ಬರೆಯುತ್ತೇನೆ, ನಿಮಗೆ ಬೇಕಾದಷ್ಟು ತೆಗೆದುಕೊಳ್ಳಿ.

ಕಮಿಲೊ ಇರುವುದು ದ್ವೀಪದ ಆಗ್ನೇಯ ಭಾಗದಲ್ಲಿ. ಹತ್ತಿರದಲ್ಲಿ ಊರಿಲ್ಲ, ಅಂಗಡಿಯಿಲ್ಲ. ಉತ್ತರ ಪೆಸಿಫಿಕ್‌ನಲ್ಲಿ ಸುತ್ತುವ ನೀರು, ಈಶಾನ್ಯದಿಂದ ಬೀಸುವ ಗಾಳಿ ಎರಡೂ ಸೇರಿ ಕಸ ತಂದು ಸುರಿಯುತ್ತವೆ. ಅಲ್ಲಿ ಆಗಾಗ ಒಂದು ಕಪ್ಪು ಲಾಳಿಕೆ ಸಿಗುತ್ತದೆ. ಒಳಗೆ ಮೂತಿ ಮಾಡಿದ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಹ್ಯಾಗ್‌ಫಿಶ್ ಎಂಬ ಹಾವಿನಂಥ ಮೀನು ಹಿಡಿಯುವ ಬೋನಿನ ಬಾಯಿ ಅದು. ಮೀನು ನುಗ್ಗಬಹುದು, ಹಿಂದೆ ಬರಲಾಗದು. ಹವಾಯಿಯಲ್ಲಿ ಆ ಮೀನು ಹಿಡಿಯುವವರಿಲ್ಲ. ಕಡಲಾಚೆಯಿಂದ ತೇಲಿ ಬಂದದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಕ್ಕುವ ಮೊದಲು ಸಾಗಿಸುವುದು ಹೇಗೆಂದು ಗೊತ್ತುಮಾಡಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಕಮಿಲೊಗೆ ಲಾವಾ ಕಲ್ಲಿನ ಹಾದಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿ ಮಾತ್ರ ಹೋಗುತ್ತದೆ. ಗಾಡಿಗೆ ಹಿಡಿಯುವಷ್ಟನ್ನೇ ತುಂಬಬೇಕು. ಕಟ್ಟಿಟ್ಟು ಬಂದ ಚೀಲ ಬಿಸಿಲಿಗೆ ಪುಡಿಯಾಗಿ, ಮುಂದಿನ ಉಬ್ಬರಕ್ಕೆ ಕಸ ಮತ್ತೆ ನೀರು ಸೇರುತ್ತದೆ. ತೆಳು ಚೀಲ ಬೇಡ, ಹಿಂಡಿಯ ಗೋಣಿಚೀಲವೇ ಸರಿ. ಅರ್ಧ ತುಂಬಿದರೆ ಸಾಕು. ಹತ್ತು ಕಿಲೋ ದಾಟಿದರೆ ಹೊಯ್ಗೆಯ ಮೇಲೆ ಒಬ್ಬರಿಗೆ ಹೊರುವುದು ಕಷ್ಟ.

ಬಲೆಯದ್ದು ಬೇರೆಯೇ ಕಥೆ. ಹತ್ತಾರು ಬಲೆ, ಹಗ್ಗ ಸುತ್ತಿಕೊಂಡು ಗುಡ್ಡೆಯಾಗಿರುತ್ತವೆ, ಅರ್ಧ ಹೊಯ್ಗೆಯಲ್ಲಿ ಹೂತಿರುತ್ತವೆ. ಒಂದೇ ಕೊನೆ ಹಿಡಿದು ಎಳೆದರೆ ಅದು ಹರಿದು ಬರುತ್ತದೆ, ಉಳಿದದ್ದು ಇನ್ನೂ ಆಳಕ್ಕೆ ಇಳಿಯುತ್ತದೆ. ಮೊದಲು ಸುತ್ತಲಿನ ಹೊಯ್ಗೆ ತೋಡಿ, ಮೂರು ನಾಲ್ಕು ಕಡೆ ಹಗ್ಗ ಕಟ್ಟಿ, ನಿಧಾನಕ್ಕೆ ಎಳೆಯಿರಿ. ಗಾಡಿಯಿಂದ ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಕೂಡದು. ತುಂಡಾದ ಹಗ್ಗ ಚಾಟಿಯಂತೆ ಬೀಸುತ್ತದೆ. ಬಿಗಿದ ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಿಟ್ಟರೆ ಆ ಏಟು ಸ್ವಲ್ಪ ತಗ್ಗುತ್ತದೆ. ಬಲೆ ಕೊಯ್ಯಲು ಹಲ್ಲಿರುವ ಚೂರಿ ಬೇಕು. ಹೊಯ್ಗೆಗೆ ಬೇಗ ಮೊಂಡಾಗುವುದರಿಂದ ನಾಲ್ಕೈದು ಇಟ್ಟುಕೊಳ್ಳಿ. ಹವಳಕ್ಕೆ ಸಿಕ್ಕಿಕೊಂಡ ಬಲೆಯನ್ನಂತೂ ಎಳೆಯಲೇಬೇಡಿ. ಬಲೆಯ ಜೊತೆ ಹವಳವೂ ಕಿತ್ತು ಬರುತ್ತದೆ, ಸುತ್ತ ಕೊಯ್ದು ಬಿಡಿಸಿ.

ಹವಾಯಿಯಲ್ಲಿ ಸಿಕ್ಕ ಬಲೆಗಳನ್ನು ಓಅಹು ದ್ವೀಪಕ್ಕೆ ಸಾಗಿಸಿ, ತುಂಡು ಮಾಡಿ, ಸುಟ್ಟು ವಿದ್ಯುತ್ ಮಾಡುವ ಏರ್ಪಾಡು 2002ರಲ್ಲಿ ಶುರುವಾಯಿತು. ಡಾಂಬರಿಗೆ ಬೆರೆಸುವ ಪ್ರಯೋಗವೂ ನಡೆದಿದೆ.

ಸಣ್ಣ ಚೂರುಗಳಿಗೆ ತಾಳ್ಮೆ ಬೇಕು. ಒಣ ಹೊಯ್ಗೆಯಾದರೆ 5 ಮಿಲಿಮೀಟರ್ ಕಣ್ಣಿನ ಜರಡಿ ಸಾಕು, ಮೇಲಿನ ಎರಡು ಮೂರು ಬೆರಳು ದಪ್ಪ ಮಾತ್ರ ತೆಗೆಯಿರಿ. ಒದ್ದೆಯದು ಜರಡಿಗೆ ಅಂಟುತ್ತದೆ. ಅದನ್ನು ಕಡಲ ನೀರು ತುಂಬಿದ ಟಬ್ಬಿಗೆ ಹಾಕಿ ಕಲಕಿ, ಮೇಲೆ ಬಂದದ್ದನ್ನು ಟೀ ಸೋಸುವ ಜಾಲರಿಯಿಂದ ಬಾಚಿಕೊಳ್ಳಿ. ಇಲ್ಲೊಂದು ಎಚ್ಚರ: ಬಾಟಲಿಯ ಮುಚ್ಚಳ ತೇಲುತ್ತದೆ, ಬಾಟಲಿಯ ಚೂರು ಮುಳುಗುತ್ತದೆ. ನೈಲಾನ್ ದಾರವೂ ಮುಳುಗುತ್ತದೆ. ಹಾಗಾಗಿ ತಳದ ಹೊಯ್ಗೆ ಚೊಕ್ಕವಾಯಿತೆಂದು ತಿಳಿಯಬೇಡಿ, ಸುರಿಯುವ ಮುನ್ನ ಕೈಯಲ್ಲಿ ಹರಡಿ ನೋಡಿ. ತೇಲುವುದರಲ್ಲಿ ಕಡ್ಡಿ, ಬೀಜವೂ ಇರುತ್ತವೆ. ಅವನ್ನು ತೀರಕ್ಕೇ ಬಿಡಿ.

ನಮ್ಮ ಕಡೆ ರಾಶಿ ಹಾಕಿ ಬೆಂಕಿ ಇಡುವ ಅಭ್ಯಾಸವಿದೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಹೊಗೆ ವಿಷ. ಬೂದಿಯಾಗದೆ ಕರಗಿದ ಪ್ಲಾಸ್ಟಿಕ್ ಹೊಯ್ಗೆ, ಕಲ್ಲು, ಚಿಪ್ಪನ್ನೆಲ್ಲ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಕಮಿಲೊದಲ್ಲಿ ಸಿಕ್ಕ ಅಂಥ ಉಂಡೆಗಳಿಗೆ ವಿಜ್ಞಾನಿಗಳು 2014ರಲ್ಲಿ ‘ಪ್ಲಾಸ್ಟಿಗ್ಲಾಮರೇಟ್’ ಎಂಬ ಹೆಸರನ್ನೇ ಕೊಟ್ಟರು. ಹಾಗೆ ಬೆಸೆದುಕೊಂಡದ್ದನ್ನು ಯಾರೂ ಬಿಡಿಸಲಾರರು.

ಸಿರಿಂಜು, ಮುಚ್ಚಳ ಬಿಗಿದ ಕ್ಯಾನು, ಗ್ಯಾಸ್ ಸಿಲಿಂಡರ್ ಕಂಡರೆ ಚಿಕ್ಕವರು ಮುಟ್ಟುವುದು ಬೇಡ. ಕ್ಯಾನಿನಲ್ಲಿ ಏನಿದೆಯೆಂದು ತೆರೆದು ಮೂಸುವುದಂತೂ ಬೇಡವೇ ಬೇಡ. ಜೆಸಿಬಿ ತರಿಸುವ ಮಾತು ಬಂದರೆ ಒಪ್ಪಬೇಡ. ಚಳಿಗಾಲಕ್ಕೆ ಕಡಲಾಮೆ ಮೊಟ್ಟೆಯಿಡುವ ಜಾಗ ನಮ್ಮೂರ ತೀರ, ಗಾಡಿಯ ಚಕ್ರದಡಿ ಗೂಡು ಉಳಿಯದು. ಮಳೆ ನಿಂತ ಕೂಡಲೇ, ಆಮೆ ಬರುವುದರೊಳಗೆ ಕೆಲಸ ಮುಗಿಸಿ.

ತೂಗುವ ಮುಂಚೆ ಬಲೆಯ ಹೊಯ್ಗೆ ಕೊಡವಿ, ನೀರು ಬಸಿಯಲು ಬಿಡಿ, ಇಲ್ಲವಾದರೆ ತೂಕದಲ್ಲಿ ಕಡಲನ್ನೇ ಲೆಕ್ಕ ಹಾಕಿದಂತಾಗುತ್ತದೆ. ಬಲೆ, ಬಾಟಲಿ, ಚಪ್ಪಲಿ, ಥರ್ಮಕೋಲು ಬೇರೆ ಬೇರೆ ಬರೆದಿಡಿ. ಅಪ್ಪನ ಹಳೇ ತಕ್ಕಡಿ ಅಟ್ಟದ ಮೇಲಿದೆ, ಇಳಿಸಿಕೊಳ್ಳಿ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಕ್ಕ