‘ಅವರೆಲ್ಲರೂ’, ‘ನಮ್ಮಲ್ಲಿ’

ಬೆಂಗಳೂರು

ಪ್ರೀತಿಯ ಕೃಪಾ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ದೇವರು ಒಳಗೇ ಇರುವಾಗ ಭಾನುವಾರ ಯಲಹಂಕದಿಂದ ಬಸ್ ಹಿಡಿದು ಹಡ್ಸನ್ ಚರ್ಚಿಗೆ ಯಾಕೆ ಬರಬೇಕು, ಮನೆಯಲ್ಲಿ ಮೌನವಾಗಿ ಕುಳಿತರೆ ಸಾಲದೇ ಎಂದು ಕೇಳಿದ್ದೀಯೆ. ಕುಳಿತರೂ ಏನೂ ಆಗುತ್ತಿಲ್ಲ ಎಂದು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದೀಯೆ. ನನ್ನ ಕರುಳು ಹಿಂಡಿದ್ದು ಆ ಸಾಲು.

ನೀನು ಹಿಡಿದಿರುವ ಮಾತು ಸುಳ್ಳಲ್ಲ. ಇನ್ನು ಬದುಕುತ್ತಿರುವುದು ನಾನಲ್ಲ, ನನ್ನಲ್ಲಿ ಕ್ರಿಸ್ತನು ಎಂದು ಪೌಲನು ಗಲಾತ್ಯದವರಿಗೆ ಬರೆದದ್ದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವ ಬೋಧನೆಗಳನ್ನು ನಾನು ಒಪ್ಪುವುದಿಲ್ಲ. ಆದರೆ ನೀನು ಆಧಾರವಾಗಿ ಕೊಟ್ಟಿರುವ ಲೂಕನ ಸುವಾರ್ತೆಯ 17:21ನ್ನು ಇನ್ನೊಮ್ಮೆ ನೋಡು. ದೇವರ ರಾಜ್ಯ ನಿಮ್ಮ ಒಳಗೇ ಇದೆ ಎಂಬ ಆ ಮಾತನ್ನು ಯೇಸುಸ್ವಾಮಿ ಹೇಳಿದ್ದು ಒಬ್ಬನಿಗಲ್ಲ, ಪ್ರಶ್ನೆ ಕೇಳಿದ ಫರಿಸಾಯರೆಂಬ ಯೆಹೂದಿ ಪಂಥದವರಿಗೆ. ಅಲ್ಲಿರುವ ‘ಎಂಟೋಸ್’ ಎಂಬ ಗ್ರೀಕ್ ಪದವನ್ನು ‘ಒಳಗೆ’ ಎಂದೂ ಅನುವಾದಿಸುತ್ತಾರೆ, ‘ನಡುವೆ’ ಎಂದೂ ಅನುವಾದಿಸುತ್ತಾರೆ. ಎರಡರಲ್ಲಿ ಒಂದನ್ನು ಬಿಡಲು ನನಗೆ ಮನಸ್ಸಿಲ್ಲ. ಜೊತೆಗಿರುವ ‘ನಿಮ್ಮ’ ಮಾತ್ರ ಖಚಿತವಾಗಿ ಬಹುವಚನ.

ಯೋಹಾನ 17ಕ್ಕೆ ಬಾ. ಯೇಸುಸ್ವಾಮಿ ಸೆರೆಯಾಗುವ ರಾತ್ರಿಯ ಪ್ರಾರ್ಥನೆ ಅದು. ತಂದೆಯು ನನ್ನಲ್ಲಿ, ನಾನು ತಂದೆಯಲ್ಲಿ ಇರುವಂತೆ ಅವರೆಲ್ಲರೂ ನಮ್ಮಲ್ಲಿ ಒಂದಾಗಿರಲಿ ಎಂದು ತಮ್ಮನ್ನು ನಂಬುವವರಿಗಾಗಿ ಅವರು ಬೇಡಿಕೊಂಡರು. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆಯ ‘ಅವರೆಲ್ಲರೂ ಒಂದಾಗಿರಲಿ’ ಎಂಬ ಧ್ಯೇಯವಾಕ್ಯ ಬಂದದ್ದು ಅಲ್ಲಿಂದಲೇ. ಶಿಲುಬೆಯೂ ತಾವರೆಯೂ ಇರುವ ಲಾಂಛನದಲ್ಲಿ ಅದನ್ನು ಚಿಕ್ಕಂದಿನಿಂದ ನೋಡಿದ್ದೀಯೆ. ಅದನ್ನು ಸಭೆಗಳ ಒಕ್ಕೂಟದ ಮಾತೆಂದಷ್ಟೇ ಓದಿ ನಾವು ಹಿರಿಯರು ‘ನಮ್ಮಲ್ಲಿ’ ಎಂಬುದನ್ನು ಮರೆತೆವು. ಈಗ ನೀನು ಅದನ್ನು ಹಿಡಿದುಕೊಂಡು ‘ಅವರೆಲ್ಲರೂ’ ಎಂಬುದನ್ನು ಕೈಬಿಡುತ್ತಿದ್ದೀಯೆ.

ಇನ್ನು ಆ ಸಣ್ಣ ಅಕ್ಷರಗಳ ಸಾಲು. ದೇವನಹಳ್ಳಿಯ ಹತ್ತಿರ ನಿನ್ನ ಅಜ್ಜ ನೀಲಿ ದ್ರಾಕ್ಷಿ ಬೆಳೆಯುತ್ತಿದ್ದ ಕಾಲ ನಿನಗೆ ಗೊತ್ತಿಲ್ಲ. ಸವರಿದ ಮೇಲೆ ಚಪ್ಪರದ ತುಂಬ ಒಣಕಡ್ಡಿಗಳೇ ಕಾಣುತ್ತಿದ್ದವು. ಎಲ್ಲವೂ ಸತ್ತಿತು ಎಂದು ನಾನು ಅತ್ತಾಗ ಅಪ್ಪ ನನ್ನನ್ನು ಎತ್ತಿಕೊಂಡು, ಕತ್ತರಿಸಿದ ತುದಿಗೆ ಬೆರಳು ಮುಟ್ಟಿಸಿದರು. ಒದ್ದೆ! ಬೇರಿನ ನೀರು ಅಲ್ಲಿಯವರೆಗೆ ಬಂದು ಹನಿಯುತ್ತಿತ್ತು. ನಾನು ದ್ರಾಕ್ಷಿಬಳ್ಳಿ, ನೀವು ಕೊಂಬೆಗಳು ಎಂದು ಯೇಸುಸ್ವಾಮಿ ಹೇಳುವ ಯೋಹಾನ 15ನ್ನು ಓದುವಾಗಲೆಲ್ಲ ನನ್ನ ಬೆರಳಿಗೆ ಆ ತಂಪು ನೆನಪಾಗುತ್ತದೆ. ಬಳ್ಳಿಯೊಡನೆ ಒಂದಾಗಲು ಕೊಂಬೆ ಹೆಣಗುವುದಿಲ್ಲ, ಅದರಲ್ಲಿ ನೆಲೆಗೊಂಡಿರುತ್ತದೆ. ಪ್ರಾರ್ಥನೆ ಒಣಗಿದೆ ಎಂಬ ಮಾತ್ರಕ್ಕೆ ನೀನು ಬಳ್ಳಿಯಿಂದ ಕಳಚಿಕೊಂಡಿಲ್ಲ, ಮಗಳೇ.

ಸ್ಪೇನಿನ ಸನ್ಯಾಸಿನಿ ಆವಿಲದ ತೆರೇಸಾ 1577ರಲ್ಲಿ ಆತ್ಮವನ್ನು ಏಳು ನಿವಾಸಗಳ ಕೋಟೆಯಾಗಿ ಕಂಡು ಬರೆದರು. ಎಲ್ಲಕ್ಕಿಂತ ಒಳಗಿನ ಏಳನೆಯದರಲ್ಲಿ ಅವರು ಕೇಳುವುದು ಸೇವೆಯನ್ನು: ಯೇಸುವಿನ ಪಾದದ ಬಳಿ ಕುಳಿತು ಕೇಳಿದ ಮರಿಯಳೂ ಅಡುಗೆಮನೆಯ ಮಾರ್ಥಳೂ ಜೊತೆಯಾಗಿಯೇ ಸ್ವಾಮಿಯನ್ನು ಉಪಚರಿಸಬೇಕು ಎನ್ನುತ್ತಾರೆ.

ಬೆಳಗಿನ ಮೌನವನ್ನು ಬಿಡಬೇಡ. ಹತ್ತು ನಿಮಿಷ ಸಾಕು. ಏನಾಯಿತು ಎಂದು ಅಳೆಯಲು ಹೋಗಬೇಡ. ಈ ಭಾನುವಾರ ಮಾತ್ರ ತಪ್ಪದೆ ಬಾ. ಬಾಗಿಲ ಬಳಿಯ ಮೆಟ್ಟಿಲು ಹತ್ತಲು ನನಗೆ ನಿನ್ನ ಕೈ ಬೇಕು.

ನಿನ್ನ ದೊಡ್ಡಮ್ಮ